ಮಾತಾಡುವ ಹಕ್ಕು ಕ್ಯಾಪ್ಟನಿಗೆ ಮಾತ್ರ

ಮೊನ್ನೆ ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾರೋ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡರು. ಮಳೆಗೆ ಶಟರ್ ಎಳೆದ ಬಸ್ಸು. ವಾಸನೆಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ತಣ್ಣಗೆ ಮೂಗಿನ ಬುಡಕ್ಕೆ ಹೋಗಿ ಕುಟ್ಟುವ, ಆಟದ ಮೈದಾನದ ಆ ವಾಸನೆಗೆ ನನ್ನ ಪದವಿಯ ಕೊನೆಯ ವರ್ಷ ನೆನಪಾಯಿತು. ನೆನಪಾಯಿತು ಎಂದರೆ ಏನೋ ಸುಖದ ಮಾತಿನಂತೆ ಕೇಳುತ್ತದೆ. ಹಾಗಲ್ಲ, ಸಿಟ್ಟು ಬಂತು. ಆ ವರ್ಷ ನನ್ನ ಗೆಳತಿ ಹರಿಣಾಕ್ಷಿಯ ತಲೆಗೆ ಪೆಟ್ಟಾಯಿತು. ಅದು ಯಾರ ತಪ್ಪು ಎಂಬ ಪ್ರಶ್ನೆಗೆ ಒಂದು ಸುಳ್ಳು ಉತ್ತರ ಹುಟ್ಟಿಕೊಂಡಿತು. ಆ ಉತ್ತರ ಬರೆದವಳು ನಾನು.

ಶುರುವಾದದ್ದು ಮಳೆಗಾಲದ ಮೊದಲಲ್ಲಿ, ಬಂಟ್ವಾಳದ ಒಂದು ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ. ವಿಷಯ, ಫುಟ್ಬಾಲಿಗಿಂತ ರಗ್ಬಿಯೇ ಸಭ್ಯರ ಆಟ. ಚೀಟಿ ಎತ್ತಿದಾಗ ನನಗೆ ಪರ ಬಂತು. ರಗ್ಬಿಯ ಚೆಂಡನ್ನು ನಾನು ಅಲ್ಲಿಯವರೆಗೆ ಕಣ್ಣಿನಲ್ಲಿ ಕಂಡವಳಲ್ಲ. ಚರ್ಚೆಗೆ ಅದೇನೂ ಅಡ್ಡಿಯಲ್ಲ; ಕಂಡದ್ದರ ಬಗ್ಗೆ ಮಾತಾಡುವಾಗಲೇ ನಾಲಗೆ ತಡವರಿಸುವುದು. ನಮ್ಮೂರು ಶಿರ್ತಾಡಿಯಿಂದ ಹೊರಟ ಬಸ್ಸಿನಲ್ಲಿ ಮೊಬೈಲು ಹಿಡಿದು ನಾಲ್ಕು ವಿಡಿಯೋ ನೋಡಿದ್ದೆ. ಅಷ್ಟು ಸಾಕಾಯಿತು. ಫುಟ್ಬಾಲಿನಲ್ಲಿ ಮೊಣಕಾಲಿಗೆ ಗಾಳಿ ತಾಗಿದರೂ ಮುಖ ಹಿಡಿದುಕೊಂಡು ಉರುಳುತ್ತಾರೆ, ರಗ್ಬಿಯಲ್ಲಿ ಹುಬ್ಬು ಒಡೆದು ರಕ್ತ ಇಳಿದರೂ ಒರೆಸಿಕೊಂಡು ಓಡುತ್ತಾರೆ ಎಂದೆ. ಅಲ್ಲಿ ಹತ್ತು ಜನ ರೆಫರಿಯನ್ನು ಸುತ್ತುವರಿದು ಬೈಯುತ್ತಾರೆ, ಇಲ್ಲಿ ರೆಫರಿಯ ಹತ್ತಿರ ಮಾತಾಡುವ ಹಕ್ಕು ಕ್ಯಾಪ್ಟನಿಗೆ ಮಾತ್ರ, ಅದೂ ‘ಸರ್’ ಎಂದು ಕರೆದು. ಅಲ್ಲಿ ಎರಡು ತಂಡದ ಅಭಿಮಾನಿಗಳ ನಡುವೆ ಬೇಲಿ ಬೇಕು, ಪೊಲೀಸರು ಬೇಕು. ಇಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕೊನೆಗೆ ಕೈಯೆತ್ತಿ, ‘ಕೂಗುವ ಗುಂಪಿನಿಂದ ನ್ಯಾಯ ಹುಟ್ಟುವುದಿಲ್ಲ’ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನ.

ಸಭೆಯ ಹಿಂದಿನ ಸಾಲಿನಲ್ಲಿ ಪದ್ಮನಾಭ ಮಾವ ಕೂತಿದ್ದರು. ಅಮ್ಮನ ತಮ್ಮ. ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿ ಅಡುಗೆ ಮಾಡಿ, ಈಗ ಬಂಟ್ವಾಳದ ಪೇಟೆಯಲ್ಲಿ ಸಣ್ಣ ಹೋಟೆಲು ಇಟ್ಟವರು. ಹುಡುಗನಾಗಿದ್ದಾಗ ಊರಿನ ಫುಟ್ಬಾಲ್ ತಂಡದ ಗೋಲ್‌ಕೀಪರ್, ಅವರ ಮಾತಿನಲ್ಲಿ ಗೋಲಿ. ಹೋಟೆಲಿಗೆ ಕರೆದುಕೊಂಡು ಹೋಗಿ ನನ್ನ ಮುಂದೆ ಬನ್ಸಿನ ತಟ್ಟೆ ದೂಡಿದರು.

“ಒಳ್ಳೆ ಮಾತಾಡಿದೆ. ಒಂದು ಪ್ರಶ್ನೆ ಕೇಳ್ಬಹುದಾ? ನೀನು ಯಾವ ರಗ್ಬಿ ಮ್ಯಾಚ್ ನೋಡಿದ್ದು ಮಗಾ?”

“ಅದು ಪ್ರಶ್ನೆ ಅಲ್ಲ ಮಾವ, ವೈಯಕ್ತಿಕ ದಾಳಿ.”

“ಓಹೋ. ಹಾಗಾದ್ರೆ ದಾಳಿಗೆ ಉತ್ತರ ಕೊಡು.”

ಕೊಡಲಿಲ್ಲ. ಎದುರಾಳಿ ವಾದ ಬಿಟ್ಟು ವ್ಯಕ್ತಿಗೆ ಬಂದರೆ ನಕ್ಕು ಸುಮ್ಮನಿರಬೇಕು ಎಂದು ನಮಗೆ ಕಲಿಸಿದ್ದರು. ನಕ್ಕೆ.

ಆ ಬಹುಮಾನದ ಸುದ್ದಿ ಕೇಳಿ ನಮ್ಮ ಕಾಲೇಜಿನ ಕ್ರೀಡಾ ನಿರ್ದೇಶಕರು ನನ್ನನ್ನು ಕರೆಸಿದರು. ಎಲ್ಲರೂ ಅವರನ್ನು ಪಿ.ಡಿ. ಸರ್ ಎನ್ನುತ್ತಿದ್ದರು. ಅವರು ಆ ವರ್ಷ ಹುಡುಗಿಯರ ರಗ್ಬಿ ತಂಡ ಕಟ್ಟಲು ಹೊರಟಿದ್ದರು. ಏಳೇಳು ಜನರ ಆಟ. ಏಳು ನಿಮಿಷದ ಎರಡು ಅವಧಿ. ಕಬಡ್ಡಿಯಿಂದ ನಾಲ್ಕು, ಹ್ಯಾಂಡ್‌ಬಾಲಿನಿಂದ ಮೂರು ಮಂದಿಯನ್ನು ಎಳೆದು ತಂದಿದ್ದರು. “ಆಟ ಗೊತ್ತಿರುವವಳು ಇಡೀ ಕಾಲೇಜಿನಲ್ಲಿ ನೀನೊಬ್ಬಳೇ. ಮೈಕ್ ನೀನು ಹಿಡಿ, ಜನಕ್ಕೆ ನಿಯಮ ಹೇಳು” ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮೈಕಿಗೆ ನಾನು ಯಾವತ್ತೂ ಬೇಡ ಎಂದವಳಲ್ಲ.

ಹರಿಣಾಕ್ಷಿ ಕಬಡ್ಡಿಯಿಂದ ಬಂದವಳು. ಬೆಳ್ತಂಗಡಿಯ ಆಚೆ, ಗುಡ್ಡದ ಮೇಲಿನ ಹಳ್ಳಿಯ ರಬ್ಬರ್ ಕೃಷಿಕರ ಮಗಳು. ಹಾಸ್ಟೆಲಿನಲ್ಲಿದ್ದಳು, ನನ್ನದೇ ತರಗತಿ. ಎದುರಿನವಳ ಕಾಲು ಹಿಡಿದರೆ ಬಿಡುವವಳಲ್ಲ, ಅಂಪಾಯರ್ ಹತ್ತಿರ ಜಗಳಕ್ಕೆ ನಿಂತರೂ ಬಿಡುವವಳಲ್ಲ. ಮೊದಲ ದಿನದ ಅಭ್ಯಾಸದಲ್ಲೇ ಸೀಟಿ ಊದಿದ ಪಿ.ಡಿ. ಸರ್ ಜೊತೆ ವಾದಕ್ಕಿಳಿದಳು.

“ಇಲ್ಲಿ ಯಾರೂ ಮಾತಾಡ್ಲಿಕ್ಕಿಲ್ಲ. ಕ್ಯಾಪ್ಟನ್ ಮಾತ್ರ” ಎಂದರು ಸರ್.

“ಹಾಗಾದ್ರೆ ನನ್ನನ್ನೇ ಕ್ಯಾಪ್ಟನ್ ಮಾಡಿ ಸರ್. ಸುಮ್ಮನೆ ಕೂತ್ರೆ ನನಗೆ ಮಂಡೆ ಬಿಸಿ ಆಗ್ತದೆ.”

ಸರ್ ನಕ್ಕು ಅವಳನ್ನೇ ಕ್ಯಾಪ್ಟನ್ ಮಾಡಿದರು. ಒಂದು ತಂಡದ ಎಲ್ಲ ಮಾತನ್ನೂ ಒಂದೇ ಬಾಯಿಗೆ ಕಟ್ಟಿಹಾಕಿದ್ದು ಹೀಗೆ. ನನಗೆ ಅದು ಬಹಳ ಹಿಡಿಸಿತು. ಚರ್ಚಾಸ್ಪರ್ಧೆಯ ಶಿಸ್ತೂ ಅದೇ ಅಲ್ಲವೇ? ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಬೇಕು. ಆಟದ ನಡುವೆ ಬಾಯಿ ಬಿಟ್ಟವರು ಮೈದಾನಕ್ಕೆ ಹತ್ತು ಸುತ್ತು ಓಡಬೇಕು ಎಂಬ ಕಟ್ಟಳೆ ಬಂತು. ಬಿದ್ದವಳು ಮೂರು ಎಣಿಸುವುದರೊಳಗೆ ಏಳಬೇಕು ಎಂಬುದು ಇನ್ನೊಂದು. ಯಾರಾದರೂ ಬಿದ್ದರೆ ಇಡೀ ತಂಡ ಗಟ್ಟಿಯಾಗಿ ಎಣಿಸುತ್ತಿತ್ತು. ಸುಲಿಯದ ತೆಂಗಿನಕಾಯಿಯಂಥ ಆ ಚೆಂಡನ್ನು ಎದೆಗೆ ಒತ್ತಿಕೊಂಡು, ಜುಲೈ ಮಳೆಯಲ್ಲಿ, ಕೆಸರಿನಲ್ಲಿ, ಒಂದು ಮಾತಿಲ್ಲದೆ ಓಡುವ ಏಳು ಹುಡುಗಿಯರು. ಪಕ್ಕದಲ್ಲಿ ಕೊಡೆ ಹಿಡಿದು ನಿಂತು ನಾನು ಅವರಿಗೆ ಸಭ್ಯತೆಯ ಪಾಠ ಹೇಳುತ್ತಿದ್ದೆ. ಒಂದು ದಿನ ಕೂಡ ಕೊಡೆ ಮಡಚಿ ಮೈದಾನಕ್ಕೆ ಇಳಿದವಳಲ್ಲ.

ಆಗಸ್ಟಿನಲ್ಲಿ ನೇತ್ರಾವತಿ ತುಂಬಿ ಬಂಟ್ವಾಳದ ಪೇಟೆಗೆ ನೀರು ಬಂತು. ಮಾವನ ಹೋಟೆಲು ಎಂಟು ದಿನ ಮುಚ್ಚಿತ್ತು. ನೀರು ಇಳಿದ ಮೇಲೆ ಫುಟ್ಬಾಲ್ ಮೈದಾನದ ಮೇಲೆ ಗೇಣು ದಪ್ಪಕ್ಕೆ ಹೊಳೆಯ ರೇವೆ ಮಣ್ಣು ಕೂತಿತ್ತು. ಊರಿನವರೇ ಗುದ್ದಲಿ ಹಿಡಿದು ಅದನ್ನು ಕೆರೆದು ತೆಗೆದರು. ಅಕ್ಟೋಬರಿನ ಒಂದು ಭಾನುವಾರ ಅಲ್ಲಿ ಪಂದ್ಯ. “ಬಯ್ಯುವ ಮೊದಲು ಒಮ್ಮೆ ನೋಡಿ ಬಯ್ಯಿ” ಎಂದು ಮಾವ ಫೋನು ಮಾಡಿದರು. ಹರಿಣಾಕ್ಷಿಯನ್ನೂ ಕರೆದುಕೊಂಡು ಹೋದೆ.

ಹತ್ತು ನಿಮಿಷದಲ್ಲಿ ನನ್ನ ಭಾಷಣದ ಸಾಕ್ಷಿಗಳೆಲ್ಲ ಕಣ್ಣೆದುರು ಬಂದು ನಿಂತವು. ಹಳದಿ ಅಂಗಿಯವನೊಬ್ಬ ಯಾರೂ ತಾಗದೆ ಬಿದ್ದು ಮೂರು ಪಲ್ಟಿ ಹೊಡೆದ. ರೆಫರಿಯ ಸುತ್ತ ಎಂಟು ಜನ. ಅಂಚಿನಲ್ಲಿ ನಿಂತವರಿಂದ ರೆಫರಿಯ ಕಣ್ಣು, ಕನ್ನಡಕ, ಕುಟುಂಬ ಎಲ್ಲದರ ವಿಚಾರಣೆ.

“ನಾಟಕ” ಎಂದಳು ಹರಿಣಾಕ್ಷಿ. “ನಮ್ಮ ಸರ್ ಆಗಿದ್ರೆ ಹತ್ತು ಸುತ್ತು ಓಡಿಸ್ತಿದ್ರು.”

“ನಾಟಕವೇ” ಎಂದರು ಮಾವ, ಕಡಲೆ ಸಿಪ್ಪೆ ಊದುತ್ತ. “ನಾನು ಗೋಲಿ ಆಗಿದ್ದಾಗ, ನಾವು ಒಂದು ಗೋಲು ಮುಂದೆ ಇದ್ರೆ ಕೊನೆಯ ಐದು ನಿಮಿಷ ನನಗೆ ಯಾವಾಗ್ಲೂ ಕಾಲು ಹಿಡೀತಿತ್ತು. ಹತ್ತರಲ್ಲಿ ಒಂಬತ್ತು ನಾಟಕ ಅಂತ ಇಟ್ಟುಕೊಳ್ಳುವ. ಹತ್ತನೆಯದ್ದು ನಿಜ ಆದ್ರೆ?”

“ಅದಕ್ಕೆ?”

“ಅದಕ್ಕೇ ಹತ್ತು ಸಲವೂ ಆಟ ನಿಲ್ಲಿಸುವುದು.”

“ಮೋಸಕ್ಕೆ ಒಳ್ಳೆ ಸಮರ್ಥನೆ” ಎಂದೆ. “ಮತ್ತೆ ಈ ಬೊಬ್ಬೆ?”

“ಬೊಬ್ಬೆ ಹೊಡೆಯುವವ ಆಟ ನೋಡ್ತಾ ಇದ್ದಾನೆ ಅಂತ ಲೆಕ್ಕ. ಸುಮ್ಮನೆ ಇರುವವ ಮೊಬೈಲು ನೋಡ್ತಾ ಇದ್ದಾನೆ.”

ಇದಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ಜನರ ನಡುವಿನಿಂದ ಒಂದು ನೀರಿನ ಬಾಟಲಿ ಹಾರಿ ಗೆರೆಯ ಹತ್ತಿರ ಬಾವುಟ ಹಿಡಿದವನ ಹುಬ್ಬಿಗೆ ಬಿತ್ತು. ರಕ್ತ. ಆತ ಬಾವುಟ ಕೆಳಗಿಟ್ಟು ಕೂತುಬಿಟ್ಟ. ಎಸೆದವ ಯಾರೆಂದು ಯಾರೂ ಹೇಳಲಿಲ್ಲ. ಅಷ್ಟು ಹೊತ್ತು ಹರಿದ ಬಾಯಿಗಳೆಲ್ಲ ಆಗ ಮಾತ್ರ ಮುಚ್ಚಿಕೊಂಡವು. “ಇದಾ ಮಾವ ಆಟ ನೋಡುವುದು?” ಎಂದೆ. ಮಾವ ತಲೆ ತಗ್ಗಿಸಿದರು. ವಾದ ಗೆದ್ದೆ ಎಂದುಕೊಂಡೆ. ನನ್ನ ಕಾಯಿಲೆಯೇ ಅದು. ಯಾರದೋ ಹುಬ್ಬು ಒಡೆದರೂ ನನಗೆ ಅಂಕ ಕಾಣುತ್ತದೆ.

ನವೆಂಬರಿನಲ್ಲಿ ನಮ್ಮ ಮೈದಾನದಲ್ಲೇ ರಗ್ಬಿ ಪಂದ್ಯಕೂಟ. ಮಳೆ ನಿಂತು ನೆಲ ಗಟ್ಟಿಯಾಗಿತ್ತು. ಬಿಸಿಲಿಗೆ ಹುಲ್ಲು ಒಣಗಿತ್ತು, ಬಿದ್ದವರ ಚರ್ಮ ಏಳುತ್ತಿತ್ತು. ನಾನು ಶಾಮಿಯಾನದ ಕೆಳಗೆ ಮೈಕು ಹಿಡಿದು, ‘ಪ್ರೇಕ್ಷಕರು ರೆಫರಿಯ ತೀರ್ಮಾನವನ್ನು ಗೌರವಿಸಬೇಕು, ಕೂಗಾಡಬಾರದು, ಆಟಗಾರರ ಪರವಾಗಿ ಮಾತಾಡುವ ಹಕ್ಕು ಕ್ಯಾಪ್ಟನಿಗೆ ಮಾತ್ರ’ ಎಂದು ಪ್ರತಿ ಪಂದ್ಯಕ್ಕೂ ಮೊದಲು ಹೇಳಿದೆ. ಜನ ಮರ್ಯಾದೆಯಿಂದ ಕೂತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಆಟವೇ ಅರ್ಥವಾಗುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅದನ್ನು ನಾನು ಸಭ್ಯತೆ ಎಂದು ತಿಳಿದೆ. ಮಾವನೂ ಹೋಟೆಲು ಬಿಟ್ಟು ಬಂದಿದ್ದರು. ಬಿಳಿ ಗೆರೆಯ ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ನಮ್ಮ ಎರಡನೇ ಪಂದ್ಯ. ಮೊದಲ ಅವಧಿ ಮುಗಿಯಲು ಒಂದು ನಿಮಿಷ ಇತ್ತು. ಓಡಿ ಬರುತ್ತಿದ್ದವಳನ್ನು ಹರಿಣಾಕ್ಷಿ ಸೊಂಟಕ್ಕೆ ಹಾರಿ ಕೆಡವಿದಳು. ಕೆಡವುವಾಗ ಎದುರಿನವಳ ಮಂಡಿ ಅವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಸದ್ದು ನನ್ನವರೆಗೆ ಬಂತು. ನಮ್ಮವರು ‘ಒಂದು, ಎರಡು’ ಎನ್ನುವುದರೊಳಗೆ ಅವಳು ಎದ್ದಳು. ಚಪ್ಪಾಳೆ ಬಿತ್ತು. ಎದ್ದವಳು ನಡೆದುಹೋಗಿ ಎದುರು ತಂಡದ ಸಾಲಿನಲ್ಲಿ ನಿಂತಳು. ಜನ ನಕ್ಕರು. ನಾನೂ ಮೈಕಿನಲ್ಲಿ, ‘ನಮ್ಮ ನಾಯಕಿಗೆ ಎದುರಾಳಿಗಳ ಮೇಲೂ ಪ್ರೀತಿ’ ಎಂದು ತಮಾಷೆ ಮಾಡಿದೆ. ರೆಫರಿ ಬಂದು ಏನೋ ಕೇಳಿದ. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. ಅವಧಿ ಮುಗಿಯಿತು.

ಎರಡು ನಿಮಿಷದ ವಿರಾಮ. ತಂಡದ ಫ್ಲೇವಿಯಾ ನನ್ನ ಮೇಜಿಗೆ ಓಡಿ ಬಂದಳು.

“ಹರಿಣಾಕ್ಷಿ ಸರಿ ಇಲ್ಲ. ಸ್ಕೋರ್ ಎಷ್ಟು ಅಂತ ಮೂರು ಸಲ ಕೇಳಿದ್ಳು. ಇವತ್ತು ಯಾವ ಆಟ ಅಂತ ಕೇಳ್ತಾಳೆ.”

“ಸರ್ ಹತ್ರ ಹೇಳು.”

“ಹೇಳಿದೆ. ಕ್ಯಾಪ್ಟನ್ ಎಂತ ಹೇಳ್ತಾಳೆ ಅಂತ ಕೇಳಿದ್ರು. ಏನೂ ಹೇಳ್ತಾ ಇಲ್ಲ ಸರ್ ಅಂದೆ. ಹಾಗಾದ್ರೆ ಸರಿ ಉಂಟಲ್ಲ ಅಂದ್ರು.”

“ಮತ್ತೆ ರೆಫ್ರಿಗೆ ಹೇಳು.”

“ನಾನು ಹೇಗೆ ಹೇಳುವುದು? ನಾನು ಕ್ಯಾಪ್ಟನಾ? ಬೆಳಿಗ್ಗೆಯಿಂದ ನೀನೇ ಮೈಕಿನಲ್ಲಿ ಹೇಳ್ತಾ ಇದ್ದಿ.”

ರೆಫರಿಯ ಸೀಟಿ ಕೇಳಿತು. ಅವಳು ಓಡಿದಳು. ತಂಡದ ಪರವಾಗಿ ಬಾಯಿ ತೆರೆಯಬಹುದಾದವಳು ಒಬ್ಬಳೇ. ಆ ಒಬ್ಬಳಿಗೇ ತಾನು ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಇಷ್ಟು ಸರಳವಾದ ದೋಷವನ್ನು ನಾನು ಎದುರಾಳಿಯ ವಾದದಲ್ಲಾದರೆ ಅರೆಕ್ಷಣದಲ್ಲಿ ಹಿಡಿಯುತ್ತಿದ್ದೆ.

ಹಿಡಿದವರು ಮಾವ. ಕುರ್ಚಿಯಿಂದ ಎದ್ದು, ಗೆರೆಯ ಮೇಲೆಯೇ ನಿಂತು, ಬಂಟ್ವಾಳದ ಮೈದಾನದ ಗಂಟಲಿನಲ್ಲಿ ಕೂಗಿದರು. “ಏ ರೆಫ್ರೀ! ಏಳನೇ ನಂಬ್ರದವಳನ್ನು ಹೊರಗೆ ಹಾಕು ಮಾರಾಯ! ಕಾಲು ನಿಲ್ತಾ ಇಲ್ಲ ಅವಳದ್ದು! ಕಣ್ಣು ಉಂಟಾ ನಿನಗೆ?”

ಇಡೀ ಶಾಮಿಯಾನ ತಿರುಗಿ ಅವರನ್ನು ನೋಡಿತು. ಮುಂದಿನ ಸಾಲಿನ ಅತಿಥಿಗಳು ನನ್ನನ್ನು ನೋಡಿದರು. ನನ್ನ ಮುಖ ಬಿಸಿಯಾಯಿತು. ನನ್ನ ಮಾವ, ನನ್ನ ಕೂಟದಲ್ಲಿ. ಮೈಕು ಹತ್ತಿರ ಎಳೆದುಕೊಂಡೆ.

“ಪ್ರೇಕ್ಷಕರಲ್ಲಿ ವಿನಂತಿ. ಇದು ಫುಟ್ಬಾಲ್ ಮೈದಾನವಲ್ಲ. ದಯವಿಟ್ಟು ಮೌನವಾಗಿ ಆಟ ನೋಡಿ.”

ಜೋರು ಚಪ್ಪಾಳೆ. ಮಾವ ನನ್ನ ಕಡೆ ಒಮ್ಮೆ ನೋಡಿ ಕೂತರು. ಆಮೇಲೆ ಒಂದು ನಿಮಿಷ ಕಾಲ ಮೈದಾನದಲ್ಲಿ ಉಸಿರಾಟ ಕೇಳುವಷ್ಟು ಶಿಸ್ತು.

ಎರಡನೆಯದು ದೊಡ್ಡ ಪೆಟ್ಟೇ ಅಲ್ಲ. ಒಬ್ಬಳ ಭುಜ ತಾಗಿತು, ಅಷ್ಟೆ. ಹರಿಣಾಕ್ಷಿ ಕೈ ಊರದೆ ನೇರ ಹಿಂದಕ್ಕೆ ಬಿದ್ದಳು. ನಮ್ಮವರು ಅಭ್ಯಾಸಬಲದಿಂದ ಎಣಿಸಿದರು. ಒಂದು, ಎರಡು, ಮೂರು. ಮೂರರ ನಂತರ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಮಂಗಳೂರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರು. ಪಂದ್ಯಕೂಟ ಮುಂದುವರಿಯಿತು. ಸಂಜೆ ನಮ್ಮ ತಂಡಕ್ಕೆ ಅತ್ಯಂತ ಶಿಸ್ತಿನ ತಂಡ ಎಂಬ ಫಲಕ ಬಂತು; ಒಂದೂ ದೂರು ಹೇಳದ ತಂಡ ಎಂದು ಅತಿಥಿಗಳು ಹೊಗಳಿದರು. ಮೈಕಿನಲ್ಲಿ ಅದನ್ನು ಘೋಷಿಸಿದವಳೂ ನಾನೇ. ಉಚ್ಚಾರ ಸ್ಪಷ್ಟವಾಗಿಯೇ ಇತ್ತು.

ಪಿ.ಡಿ. ಸರ್ ಪತ್ರಿಕೆಗೆ ವರದಿ ಬರೆದುಕೊಡಲು ಹೇಳಿದರು. ಬರೆದೆ. ‘ತಲೆಗೆ ಪೆಟ್ಟಾದರೂ ಎದೆಗುಂದದ ನಾಯಕಿ ಹರಿಣಾಕ್ಷಿ, “ನಾನು ಆಡುತ್ತೇನೆ” ಎಂದು ರೆಫರಿಗೆ ತಿಳಿಸಿ ಆಟ ಮುಂದುವರಿಸಿ ಕ್ರೀಡಾಸ್ಫೂರ್ತಿ ಮೆರೆದರು.’ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಕಂಡದ್ದು ಒಂದು ಹೆಬ್ಬೆರಳು. ಆದರೆ ಹೇಳಿಕೆ ಇಲ್ಲದ ವರದಿ ಸಪ್ಪೆ ಎಂದು ನನಗೆ ಗೊತ್ತಿತ್ತು. ಹೆಬ್ಬೆರಳನ್ನು ಮಾತು ಮಾಡಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಕೂರಿಸಿದೆ. ಒಳಪುಟದಲ್ಲಿ ಚಿತ್ರದ ಜೊತೆ ಬಂತು.

ಹರಿಣಾಕ್ಷಿಯ ಜೀವಕ್ಕೆ ತೊಂದರೆಯಾಗಲಿಲ್ಲ. ಆದರೆ ತಲೆನೋವು ಬಿಡಲಿಲ್ಲ, ಬೆಳಕು ಕಂಡರೆ ವಾಂತಿ, ಎರಡು ಸಾಲು ಓದಿದರೆ ಅಕ್ಷರ ಕುಣಿಯುತ್ತಿತ್ತು. ಪರೀಕ್ಷೆ ಬರೆಯಲಿಲ್ಲ, ಹಾಸ್ಟೆಲು ಬಿಟ್ಟು ಊರಿಗೆ ಹೋದಳು. ಡಿಸೆಂಬರಿನಲ್ಲಿ ನಾನು ಪಿ.ಡಿ. ಸರ್ ಹತ್ತಿರ ಹೋಗಿ, ತಲೆಗೆ ಪೆಟ್ಟಾದರೆ ತಂಡದ ಯಾರು ಬೇಕಾದರೂ ಆಟ ನಿಲ್ಲಿಸಲು ಹೇಳಬಹುದು ಎಂದು ನಿಯಮ ಮಾಡಿ ಸರ್ ಎಂದೆ.

“ಒಳ್ಳೆ ಸಲಹೆ. ಕ್ಯಾಪ್ಟನ್ ಬರೆದು ಕೊಡ್ಲಿ, ನೋಡುವ.”

“ಯಾವ ಕ್ಯಾಪ್ಟನ್ ಸರ್?”

ಸರ್ ಮೊಬೈಲು ತೆಗೆದು ಯಾರಿಗೋ ಫೋನು ಹಚ್ಚಿದರು.

ಮಾವ ಒಮ್ಮೆಯೂ, ‘ನಾನು ಹೇಳಿದ್ದೆ’ ಎನ್ನಲಿಲ್ಲ. ಅಂದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. “ಆ ಹುಡುಗಿಯನ್ನು ಹೋಗಿ ನೋಡಿದ್ಯಾ?” ಪರೀಕ್ಷೆ ಉಂಟು ಮಾವ. ಸೆಮಿನಾರ್ ಉಂಟು ಮಾವ. ಈಗ ಇದನ್ನೇ ತಿರುಗಿಸಿ, ಫುಟ್ಬಾಲೇ ಮಾನವೀಯ ಆಟ, ಬೊಬ್ಬೆಯೇ ಪ್ರಜಾಪ್ರಭುತ್ವ ಎಂದು ಇನ್ನೊಂದು ಭಾಷಣ ಮಾಡುವುದು ನನಗೆ ಕಷ್ಟವಲ್ಲ. ಅದಕ್ಕೂ ಬಹುಮಾನ ಬಂದೀತು. ಬಾವುಟ ಹಿಡಿದವನ ಹುಬ್ಬು ಒಡೆದದ್ದನ್ನು ಮರೆತರೆ ಸಾಕು. ಮರೆಯಲಾರೆ. ಎರಡು ಕಡೆಯೂ ಅದೇ ಜನ; ಒಂದು ಕಡೆ ಕೂಗಿ ತಪ್ಪಿಸಿಕೊಳ್ಳುತ್ತಾರೆ, ಇನ್ನೊಂದು ಕಡೆ ಸುಮ್ಮನಿದ್ದು.

ಫೆಬ್ರವರಿಯಲ್ಲಿ ಹೋದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಕೊನೆಯ ನಿಲ್ದಾಣದಿಂದ ಮೈಲಿಯಷ್ಟು ಗುಡ್ಡ ಹತ್ತಿ. ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾಗಿದ್ದವು, ನೆರಳೇ ಇರಲಿಲ್ಲ. ಹರಿಣಾಕ್ಷಿಯ ಅಮ್ಮ ಅಂಗಳದಲ್ಲಿ ಒಣಗಿದ ರಬ್ಬರ್ ಶೀಟು ಮಡಚುತ್ತಿದ್ದರು. ಹೆಸರು ಹೇಳಿದ ಕೂಡಲೇ ಮುಖ ಅರಳಿತು.

“ಪೇಪರಿಗೆ ಬರೆದದ್ದು ನೀನೇ ಅಲ್ವಾ? ಒಳ್ಳೆದಾಯ್ತು ಮಗಾ ನೀನು ಬರೆದದ್ದು. ಇಲ್ಲದಿದ್ರೆ ತನ್ನದೇ ತಪ್ಪು ಅಂತ ಇವಳು ಒಪ್ತಿರ್ಲಿಲ್ಲ. ನೆನಪಿಲ್ಲದಿದ್ರೂ, ನಾನು ಆಡ್ತೇನೆ ಅಂತ ಹೇಳ್ಲೇ ಇಲ್ಲ ಅಂತ ಒಂದೇ ಹಟ. ಪೇಪರು ತೋರಿಸಿದ ಮೇಲೆ ಸುಮ್ಮನಾದ್ಳು. ಅವರಪ್ಪ ಈಗ್ಲೂ ಬಯ್ಯುವುದುಂಟು, ನಿನ್ನ ಅಹಂಕಾರಕ್ಕೆ ನೀನೇ ತಂದುಕೊಂಡದ್ದು ಅಂತ.”

ಒಳಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹರಿಣಾಕ್ಷಿ ಕೂತಿದ್ದಳು. ತೆಳ್ಳಗಾಗಿದ್ದಳು. ಕ್ಯಾಲೆಂಡರಿನ ಮೊಳೆಗೆ ನನ್ನ ವರದಿಯ ತುಂಡು ಚುಚ್ಚಿತ್ತು.

“ನನಗೆ ಆವತ್ತಿನದ್ದು ಒಂದೂ ನೆನಪಿಲ್ಲ ಮಾರಾಯ್ತಿ” ಎಂದು ಮೆಲ್ಲನೆ ನಕ್ಕಳು. “ಆದ್ರೆ ಹೇಳಿರ್ಬೇಕು. ನನ್ನ ಬಾಯಿ ಗೊತ್ತುಂಟಲ್ಲ ನಿನಗೆ. ಅಪ್ಪ ಬಯ್ಯುವುದು ತಪ್ಪಲ್ಲ.”

ನನ್ನ ಹತ್ತಿರ ಸಮರ್ಥನೆಗಳು ಸಾಲಾಗಿ ನಿಂತಿದ್ದವು. ಹೆಬ್ಬೆರಳು ಇತ್ತು. ಸರ್ ಇದ್ದರು. ರೆಫರಿ ಇದ್ದ. ಒಂದನ್ನೂ ಎತ್ತಿಕೊಳ್ಳಲು ಆಗಲಿಲ್ಲ.

“ನೀನು ಹೇಳಲಿಲ್ಲ” ಎಂದೆ. “ಅದು ನಾನು ಬರೆದದ್ದು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಒಂದೊಂದಾಗಿ ಕೇಳಿದಳು.

“ನಾನು ಸರಿ ಇಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ವಾ?”

“ಫ್ಲೇವಿಯಾಳಿಗೆ ಗೊತ್ತಾಗಿತ್ತು. ಬಂದು ಹೇಳಿದ್ಳು. ಮಾವನಿಗೂ ಗೊತ್ತಾಗಿ ಕೂಗಿದ್ರು. ನಾನು ಅವರನ್ನು ಸುಮ್ಮನೆ ಕೂರಿಸಿದೆ.”

“ನಿನ್ನ ಕೈಯಲ್ಲಿ ಮೈಕು ಇತ್ತಾ?”

“ಇತ್ತು.”

“ಮತ್ತೆ?”



ಅವಳು ಗೋಡೆ ಹಿಡಿದು ಎದ್ದಳು. ಬೈಗುಳ ಮೊದಲು ಸಣ್ಣಗೆ ಬಂತು, ಆಮೇಲೆ ದೊಡ್ಡದಾಯಿತು. ತುಳುವಿನಲ್ಲಿ, ನನ್ನನ್ನು, ನನ್ನ ನಾಲಗೆಯನ್ನು, ನನ್ನ ಬಹುಮಾನಗಳನ್ನು, ಪಿ.ಡಿ. ಸರ್ ಅವರನ್ನು, ಫಲಕವನ್ನು. ಹೆಂಚು ಹಾರುವ ಹಾಗೆ. ಅಮ್ಮ ಕೈಯಲ್ಲಿದ್ದ ಶೀಟು ಬಿಟ್ಟು ಓಡಿ ಬಂದರು.

“ಎಂತಾಯ್ತು? ಬೊಬ್ಬೆ ಹೊಡೀಬಾರ್ದು ಅಂತ ಡಾಕ್ಟ್ರು ಹೇಳಿದ್ದಾರಲ್ಲ! ಮಗಾ, ಸುಮ್ಮನಿರ್ಲಿಕ್ಕೆ ಹೇಳು ಅವಳಿಗೆ, ನಿನ್ನ ಮಾತಾದ್ರೆ ಕೇಳ್ತಾಳೆ.”

ನಾನು ಹೇಳಲಿಲ್ಲ. “ಅವಳು ಹೇಳುವುದು ಸರಿ ಉಂಟಮ್ಮ” ಎಂದೆ. “ಆಡ್ತೇನೆ ಅಂತ ಇವಳು ಹೇಳ್ಲಿಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳು. ನಾನು ಬರೆದ ಸುಳ್ಳು.”

ಹರಿಣಾಕ್ಷಿ ಏದುಸಿರು ಬಿಡುತ್ತ, ಹಣೆಗೆ ಕೈ ಒತ್ತಿಕೊಂಡು, ಬಾಗಿಲಿನ ಕಡೆ ಬೆರಳು ತೋರಿಸಿದಳು.

“ಅಪ್ಪ ಮೇಲಿನ ಗುಡ್ಡೆಯಲ್ಲಿದ್ದಾರೆ. ಅಲ್ಲಿಗೂ ಕೇಳುವ ಹಾಗೆ ಹೇಳು.”

ನಾನು ಅಂಗಳಕ್ಕೆ ಇಳಿದು, ಬೋಳು ಮರಗಳ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದೆ.